ಗುಂಪು ಸೇರಬಾರದೆಂಬ ಡಂಗುರ

ಕೆರೆಯ ನೀರಿಗೂ ಅಮಲ್ದಾರರು ಕಂದಾಯ ಹಾಕಿದರು. ಅರ್ಧ ಊರು ಬಂದು ಕಚೇರಿಯ ಮುಂದೆ ಕೂತುಬಿಟ್ಟಿತು. ಡಂಗುರ ಸಾರುವ ಕೆಂಚಯ್ಯನಿಗೆ ಕರೆ ಹೋಯಿತು.

“ಗುಂಪು ಸೇರಿದವರಿಗೆಲ್ಲ ಸೆರೆಮನೆ ಅಂತ ಸಾರು. ಊರಿಗೆಲ್ಲ ಕೇಳಿಸಬೇಕು. ತಪ್ಪಿದರೆ ಮೊದಲು ನೀನೇ ಒಳಗೆ!”

ಕೂತವರಲ್ಲಿ ಕೆಂಚಯ್ಯನ ಹೆಂಡತಿಯೂ ಇದ್ದಳು. ಅವನು “ಆಗಲಿ ಬುದ್ಧಿ” ಎಂದು ಹೊರಟ. ಬೀದಿಬೀದಿಯಲ್ಲೂ ತಮಟೆ ಬಾರಿಸಿದ, ಬಾಯಿ ಮಾತ್ರ ಬಿಡಲಿಲ್ಲ. ಏನು ಸುದ್ದಿಯೋ ಎಂದು ಮನೆಯಲ್ಲಿದ್ದ ಮುದುಕಿಯರೂ ಅವನ ಬೆನ್ನು ಹತ್ತಿದರು. ಎಲ್ಲರನ್ನೂ ಕಚೇರಿಗೇ ಕರೆತಂದ.

ಅಮಲ್ದಾರರು ಹೌಹಾರಿದರು. “ಏನೋ ಇದು? ಗುಂಪು ಎರಡರಷ್ಟಾಯಿತಲ್ಲೋ!”

“ಗುಂಪು ಸೇರಬಾರದು ಅನ್ನೋದನ್ನ ಕೇಳೋಕೆ ಸೇರಿದ್ದಾರೆ, ಬುದ್ಧಿ. ಈಗ ಸಾರಲಾ? ಸಾರಿದ ಮೇಲೆ ಇಷ್ಟೂ ಜನರನ್ನ ಒಳಗೆ ಹಾಕಬೇಕು. ನಮ್ಮ ಸೆರೆಮನೆ ಒಂದೇ ಕೋಣೆ.”

“ಬೇಡ, ಬೇಡ! ಹೇಗಾದರೂ ಮಾಡಿ ಇವರನ್ನು ಮನೆಗೆ ಕಳಿಸಯ್ಯ!”

“ತಮಟೆ ಸದ್ದಿಗೆ ಬಂದವರು ಸುದ್ದಿ ಕೇಳದೆ ಹೋಗೋಲ್ಲ. ಏನಾದರೂ ಒಳ್ಳೇದು ಸಾರಬೇಕಲ್ಲ, ಬುದ್ಧಿ.”

ಅಮಲ್ದಾರರು ಜನರತ್ತ ನೋಡಿದರು. ಪೇಟ ಸರಿಮಾಡಿಕೊಂಡರು. “ನೀರಿನ ಕಂದಾಯ ತೆಗೆದಿದ್ದೇವೆ ಅಂತ ಸಾರು” ಎಂದು ಗೊಣಗಿದರು.

“ನಾನು ಹೇಳಿದರೆ ಯಾರು ನಂಬ್ತಾರೆ? ಜಗಲಿ ಹತ್ತಿ ನೀವೇ ಗಟ್ಟಿಯಾಗಿ ಹೇಳಿ, ಬುದ್ಧಿ. ತಮಟೆಗೆ ನಾನಿದ್ದೀನಿ.”