ಗಾಳಿಸಾಲೆಯ ಮೂರು ಒಗಟು

"ಕೇಳ್ರಪ್ಪೋ ಕೇಳಿ! ಹಗರಿಗೆರೆಯ ಪ್ರಭು ಬೂತರಸರ ಅಪ್ಪಣೆ! ಮುಚ್ಚಿರುವ ಗಾಳಿಸಾಲೆಗೆ ಹೊಸ ಯಜಮಾನರು ಬೇಕು. ಪ್ರಭುಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಸಾಲೆಯ ಯಜಮಾನಿಕೆ, ಜೊತೆಗೆ ಬಾಯಿಬಿಟ್ಟು ಕೇಳಿದ ಒಂದು ವರ. ಒಂದು ತಪ್ಪಿದರೂ ಅಮಾವಾಸ್ಯೆಯ ಬೆಳಿಗ್ಗೆ ತಲೆದಂಡ!"

ಡಂಗುರದ ಸದ್ದು ಮುಂದಿನ ಬೀದಿಗೆ ಸರಿಯಿತು. ಕಾಳಮ್ಮ ಹೊಲಿಯುತ್ತಿದ್ದ ತೊಗಲಿನ ಕೊಳವೆಯನ್ನು ಕೆಳಗಿಟ್ಟು ಎದ್ದಳು.

ಆ ಸಾಲೆಗೆ ಅವಳ ಅಪ್ಪ ವೀರಾಚಾರಿಯೇ ಹಿರಿಯ ಕಮ್ಮಾರ. ಅಲ್ಲಿ ಹೊಳೆಯ ನೀರು ಚಕ್ರ ತಿರುಗಿಸುತ್ತಿತ್ತು, ಚಕ್ರ ತಿದಿಗಳನ್ನು ಒತ್ತುತ್ತಿತ್ತು, ತಿದಿಗಳು ಆಳೆತ್ತರದ ಕಬ್ಬಿಣದ ಹಂಡೆಯೊಳಕ್ಕೆ ಗಾಳಿಯನ್ನು ಗಿಡಿದು ತುಂಬುತ್ತಿದ್ದವು. ಆ ಗಾಳಿ ಕಾಳಮ್ಮ ಹೊಲಿದ ಕೊಳವೆಗಳಲ್ಲಿ ಹರಿದು ಸುತ್ತಿಗೆ, ಬೈರಿಗೆಗಳನ್ನು ನಡೆಸುತ್ತಿತ್ತು. ಹತ್ತಾಳಿನ ಕೆಲಸವನ್ನು ಒಂದು ಸುತ್ತಿಗೆ ಮಾಡುತ್ತಿತ್ತು. ಅಲ್ಲಿಗೆ ಕೆಲಸ ಕಲಿಯಲು ಬರುತ್ತಿದ್ದ ಯುವರಾಜ ಮಲ್ಲರಸ ತಿಂಗಳ ಹಿಂದೆ ನಿಂತಲ್ಲೇ ಕುಸಿದು ಸತ್ತ. ಮೈಮೇಲೆ ಇರಿತವಿಲ್ಲ, ಪೆಟ್ಟಿಲ್ಲ. ತೋಳು, ಕುತ್ತಿಗೆ ಮಾತ್ರ ಬಾತಿದ್ದವು. ಬಾತ ಜಾಗ ಒತ್ತಿದರೆ ಚರ್ಮದಡಿ ಒಣಗಿದ ಎಲೆ ಮುರಿದ ಹಾಗೆ ಸದ್ದು. ವೈದ್ಯರು ವಿಷವೆಂದರು. ಅನುಮಾನ ಬಿದ್ದು ವೀರಾಚಾರಿ ಸೆರೆಮನೆ ಸೇರಿದ.

ಕಾಳಮ್ಮ ಸೆರೆಮನೆಯ ಕಿಟಕಿಗೆ ಹೋಗಿ ಡಂಗುರದ ಮಾತು ತಿಳಿಸಿದಳು.

"ಹೋಗಬೇಡ ಮಗಳೇ," ಎಂದ ಅಪ್ಪ. "ಸಾಲೆಯ ವಿಚಾರ ಕೇಳಿದರೆ ನಿನಗೆ ಗೊತ್ತಿರುತ್ತೆ. ಆದರೆ ಆ ಮಗುವಿನ ಸಾವಿನ ವಿಚಾರ ಕೇಳೇ ಕೇಳ್ತಾರೆ. ಅದಕ್ಕೆ ನಿಜ ಹೇಳಿದವರು ಉಳಿಯಲ್ಲ. ನಾನು ಯಾಕೆ ಬಾಯಿ ಬಿಡಲಿಲ್ಲ ಅಂದುಕೊಂಡೆ?"

ಕಾಳಮ್ಮ ಅಲ್ಲಿಂದ ನೇರ ಅರಮನೆಗೆ ನಡೆದಳು.

ಓಲಗ ತುಂಬಿತ್ತು. ಸಿಂಹಾಸನದ ಪಕ್ಕದಲ್ಲಿ ತಲೆ ಕಡಿಯುವ ಕಟುಕ ನಿಂತಿದ್ದ. ಬೂತರಸನ ಕಣ್ಣು ಗುಳಿಬಿದ್ದಿದ್ದವು. ಸರದಿಯಲ್ಲಿ ಅವಳಿಗಿಂತ ಮುಂದೆ ಇಬ್ಬರಿದ್ದರು.

ದೊರೆ ಮೊದಲ ಒಗಟು ಹೇಳಿದ. "ಯಾರೂ ನೀರು ಕುಡಿಸುವುದಿಲ್ಲ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆ ನೀರು ಒಳಗಿಂದಲೇ ಹೊಟ್ಟೆಯನ್ನು ತಿನ್ನುತ್ತದೆ. ಆ ಹೊಟ್ಟೆ ಒಡೆದ ದಿನ ಮನೆಯೇ ಉಳಿಯುವುದಿಲ್ಲ. ಏನದು?"

ಆಸ್ಥಾನದ ಪಂಡಿತ ದೇವಣಭಟ್ಟ ನಕ್ಕ. "ತೆಂಗಿನಕಾಯಿ, ಪ್ರಭು."

"ಎಳನೀರು ತನ್ನ ಚಿಪ್ಪನ್ನು ತಿನ್ನುತ್ತದೆಯೇ?"

ಭಟರು ಪಂಡಿತನ ರಟ್ಟೆ ಹಿಡಿದು ಸೆರೆಮನೆಗೆ ಎಳೆದರು. ನಗು ಅವನ ಮುಖದಲ್ಲೇ ಹೆಪ್ಪುಗಟ್ಟಿತ್ತು.

ಎರಡನೆಯವನು ದಂಡನಾಯಕ ಗೊಜ್ಜಿಗ. "ಮೋಡ," ಎಂದು ಗಟ್ಟಿಯಾಗಿ ಹೇಳಿದ. ದೊರೆ ಅಲ್ಲವೆಂದು ತಲೆಯಾಡಿಸಿದ. ಅಷ್ಟು ದೊಡ್ಡ ಆಳು ಭಟರ ನಡುವೆ ಬಾಗಿಲು ದಾಟುವಾಗ ಕಾಲು ಎಳೆಯುತ್ತಿದ್ದ.

ಕಾಳಮ್ಮ ಮುಂದೆ ಬಂದು ಕೈಮುಗಿದಳು. "ಅದು ಸಾಲೆಯ ಗಾಳಿಹಂಡೆ, ಬುದ್ಧೀ. ಗಾಳಿಯಲ್ಲಿರೋ ತೇವ ಹಂಡೆಯೊಳಗೆ ನೀರಾಗಿ ಇಳಿಯುತ್ತೆ. ದಿನಾ ಸಂಜೆ ತಳದ ತೂಬು ತೆಗೆದು ಬಸಿಯದೆ ಹೋದರೆ ತುಕ್ಕು ಹಿಡಿದು ಕಬ್ಬಿಣ ಸವೆಯುತ್ತೆ. ಸವೆದ ಹಂಡೆ ಸಿಡಿದರೆ ಒಳಗಿದ್ದವರ ಹೆಣವೂ ಸಿಗಲ್ಲ."

ಸಭೆ ಉಸಿರುಬಿಟ್ಟಿತು. ದೊರೆಯ ಮುಖ ಮಾತ್ರ ಸಡಿಲಾಗಲಿಲ್ಲ; ಎರಡನೆಯ ಒಗಟು ಹೇಳಿದ.

"ತಾಯಿ ಹಾಲು ನಿಲ್ಲಿಸಿದ ಮೇಲೂ ಬಾಯಲ್ಲಿ ಒಂದು ಗುಟುಕು ಉಳಿಸಿಕೊಂಡಿರುತ್ತದೆ. ಮಲಗಿತೆಂದು ನಂಬಿ ಮುಟ್ಟಿದವನ ಕೈಯನ್ನು ಆ ಒಂದೇ ಗುಟುಕಿನ ಬಲದಿಂದ ಮುರಿಯುತ್ತದೆ. ಏನದು?"

"ಗಾಳಿಸುತ್ತಿಗೆ. ಹಂಡೆಯಿಂದ ಗಾಳಿ ಬಿಡೋ ತಿರುಪು ಮುಚ್ಚಿದರೂ ಕೊಳವೆಯಲ್ಲಿ ಗಾಳಿ ಉಳಿದಿರುತ್ತೆ. ತಿರುಪು ಮುಚ್ಚಿ, ಸುತ್ತಿಗೆಯ ಹಿಡಿ ಒತ್ತಿ ಉಳಿದದ್ದನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಕೊಳವೆ ಬಿಚ್ಚಬೇಕು. ಸುತ್ತಿಗೆಯ ತುದಿಯ ಉಳಿ ಬದಲಿಸೋದು ಅದಾದ ಮೇಲೆ. ಅವಸರ ಮಾಡಿದ ಇಬ್ಬರ ಬೆರಳು ಹೋದದ್ದನ್ನ ನಾನೇ ನೋಡಿದೀನಿ."

ದೊರೆ ಸಿಂಹಾಸನದಿಂದ ಇಳಿದು ಅವಳ ಎದುರಿಗೇ ಬಂದು ನಿಂತ. ದನಿ ತಗ್ಗಿತ್ತು.

"ಮೊದಲೆರಡು ಸಾಲೆ ಕಟ್ಟಿದ ಮೇಸ್ತ್ರಿ ಹೇಳಿಕೊಟ್ಟವು. ಇದು ನನ್ನದು. ಇದರ ಉತ್ತರ ನನಗೂ ತಿಳಿಯದು. ಗಾಯದ ಗುರುತಿಲ್ಲ; ವೈದ್ಯರು ವಿಷವೆಂದರೂ ಮೈಮೇಲೆ ವಿಷದ ಬಣ್ಣವಿಲ್ಲ. ಹಗಲು ಹೊತ್ತಿನಲ್ಲಿ, ಹತ್ತು ಜನರ ನಡುವೆ ನನ್ನ ಮಗನನ್ನು ಕೊಂದದ್ದು ಏನು?"

ಗೊತ್ತಿಲ್ಲವೆಂದರೆ ಕಾಳಮ್ಮನ ತಲೆ ಹೋಗುತ್ತದೆ. ಗೊತ್ತೆಂದರೂ ಹೋಗಬಹುದು.

"ಅವತ್ತು ಹೊಸ ಕೊಳವೆ ಕೊಡೋಕೆ ಹೋಗಿದ್ದೆ, ಬುದ್ಧೀ. ಯುವರಾಜರ ಅಂಗೈಲಿ ಸಣ್ಣ ತರಚು ಇತ್ತು, ಲೆಕ್ಕಕ್ಕೇ ಬಾರದಂಥದ್ದು. ಮೈತುಂಬ ಕಬ್ಬಿಣದ ಪುಡಿ. ಅಷ್ಟರಲ್ಲಿ ಅರಮನೆಯಿಂದ ಆಳು ಬಂದ, ಈಗಿಂದೀಗಲೇ ಓಲಗಕ್ಕೆ ಬರಬೇಕು, ಮೈಮೇಲೆ ಒಂದು ಕಣ ಧೂಳೂ ಇರಕೂಡದು ಅಂತ. ಗಳಿಗೆಯೊಳಗೆ ಮೂರು ಸಲ ಬಂದ. ಯುವರಾಜರು ಸ್ನಾನಕ್ಕೆ ಹೊತ್ತಿಲ್ಲ ಅಂತ ಗಾಳಿಕೊಳವೆಯ ಬಾಯನ್ನ ಮೈಗೇ ತಿರುಗಿಸಿ ಧೂಳು ಹಾರಿಸಿಕೊಂಡರು. ಕೈ ಒರೆಸೋವಾಗ ಆ ಗಾಳಿ ತರಚಿನೊಳಗೆ ನುಗ್ಗಿ ಚರ್ಮದಡಿ ಹರಿದು ರಕ್ತಕ್ಕೆ ಸೇರಿತು. ಕೊಂದದ್ದು ಗಾಳಿ. ಅದನ್ನ ಮೈಗೆ ತಿರುಗಿಸಿದ್ದು ಅವಸರ. ಆ ಅವಸರ..."

"ಸಾಕು ಮಾಡೇ!" ಎಂದು ಮಂತ್ರಿ ಕೂಗಿದ. ಕಟುಕ ಒಂದು ಹೆಜ್ಜೆ ಮುಂದಿಟ್ಟ.

ದೊರೆ ಕೈಯೆತ್ತಿ ಅವನನ್ನು ತಡೆದ.

"ಆಳನ್ನು ಅಟ್ಟಿದ್ದು ನಾನೇ," ಎಂದ. "ಮೂರು ಸಲ." ತಲೆ ತಗ್ಗಿಸಿದ. "ನಿನ್ನ ವರ ಕೇಳಮ್ಮ."

"ಸೆರೆಮನೆಯ ಬಾಗಿಲು ತೆಗೆಸಿ, ಬುದ್ಧೀ. ಒಳಗಿರೋ ಮೂವರೂ ಮನೆಗೆ ಹೋಗಲಿ."

"ಒಂದೇ ವರ ಅಂದಿದ್ದೆ."

"ಬಾಗಿಲೂ ಒಂದೇ."

ದೊರೆ ತಾನೇ ಹೋಗಿ ಬಾಗಿಲು ತೆಗೆದ. ಪಂಡಿತ ತಿರುಗಿಯೂ ನೋಡದೆ ಓಡಿದ, ಹಿಂದೆಯೇ ದಂಡನಾಯಕ. ವೀರಾಚಾರಿ ಗೋಡೆ ಹಿಡಿದು ನಿಧಾನವಾಗಿ ಹೊರಬಂದ. ಕಾಳಮ್ಮ ಓಡಿಹೋಗಿ ಅವನ ತೋಳು ಹಿಡಿದಳು. ಅವನು ಬೆಳಕಿಗೆ ಕಣ್ಣು ಮುಚ್ಚಿ ತೆರೆದು ನೋಡಿದರೆ ಎದುರಿಗೆ ದೊರೆ.

"ಆಚಾರಿ," ಎಂದ ಬೂತರಸ, "ನನ್ನ ಮಗ ಕೊನೆ ಗಳಿಗೆಯಲ್ಲಿ ನನ್ನನ್ನು ಬೈದನೇ?"

"ಇಲ್ಲ ಬುದ್ಧೀ. ಗಾಳಿ ಕಚಗುಳಿ ಇಡುತ್ತೆ ಅಂತ ನಗ್ತಾ ಇದ್ದರು."

ದೊರೆ ಸೆರೆಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಮಗ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.

ಕಾಳಮ್ಮ ಸಾಲೆಯ ಯಜಮಾನಿಯಾದಳು. ಗಾಳಿಕೊಳವೆಯನ್ನು ತಮಾಷೆಗಾದರೂ ಮೈಗೆ ತಿರುಗಿಸಿದವನು, ದೊರೆಯ ನೆಂಟನೇ ಆಗಿರಲಿ, ಆ ದಿನವೇ ಸಾಲೆಯ ಹೊರಗೆ ನಿಲ್ಲಬೇಕಿತ್ತು. ಅವಳು ಮುದುಕಿಯಾಗುವವರೆಗೂ ಆ ಬಾಗಿಲಿಂದ ಒಂದು ಹೆಣವೂ ಹೊರಗೆ ಬರಲಿಲ್ಲ.