ಊಟಕ್ಕೆ ಬರಬೇಕಿದ್ದ ಕಾಟ್ಲಾ

ಮುಂಗಾರಿನ ಹೊಸ ನೀರು ಬಂದರೆ ಜಲಾಶಯದಲ್ಲಿ ಎರಡು ತಿಂಗಳು ಮೀನು ಹಿಡಿಯುವಂತಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ಹಿಡಿದವರ ಲೈಸೆನ್ಸ್ ರದ್ದು. ಹಾಗಂತ ಬೋರ್ಡು ಹಾಕಿಸಿದ ಮೀನುಗಾರಿಕೆ ಇಲಾಖೆಯ ಕಲಕೇರಿ ಸಾಹೇಬರೇ, ಹರಿಗೋಲಿನಲ್ಲಿ ಮೀನು ಹಿಡಿಯುವ ಹುಲಿಗೆವ್ವನನ್ನು ಕರೆಸಿದರು.

"ನಾಳೆ ದೊಡ್ಡ ಸಾಹೇಬ್ರು ಬರ್ತಾರ. ಊಟಕ್ಕ ಮೊಟ್ಟಿ ತುಂಬಿದ ಕಾಟ್ಲಾ ಮೀನು ಬೇಕು. ತರದಿದ್ರ ನಿನ್ನ ಲೈಸೆನ್ಸ್ ಇರಂಗಿಲ್ಲ."

"ತಂದ್ರೂ ಇರಂಗಿಲ್ಲಲ್ರೀ."

"ಅದು ನಿನ್ನ ತಲಿನೋವು."

ಹೊಸ ನೀರಿಗೆ ಕಾಟ್ಲಾ ಹಳ್ಳದ ಬಾಯಿಗೆ ಏರಿ ಬರುತ್ತದೆಂದು ಅವಳಿಗೆ ಗೊತ್ತು. ಬಲೆ ಮುಟ್ಟದೆ, ಮೊಣಕಾಲು ನೀರಿನಲ್ಲಿ ಕೈಯಿಂದಲೇ ಒಂದನ್ನು ಹಿಡಿದಳು.

ಮರುದಿನ ಪ್ರವಾಸಿ ಮಂದಿರದ ಹಿತ್ತಲಿನ ಅಡುಗೆಮನೆಯಲ್ಲಿ ಅಡುಗೆಯವನು ಮಸಾಲೆ ಅರೆದು ಕಾಯುತ್ತಿದ್ದ. ಹುಲಿಗೆವ್ವ ಹಿತ್ತಲಿಗೆ ಹೋಗಲಿಲ್ಲ. ನೀರಿನ ಟಬ್ಬು ಹೊತ್ತು, ಸಾಹೇಬರಿಬ್ಬರೂ ಕೂತಿದ್ದ ಜಗಲಿಗೇ ಬಂದಳು. ಟಬ್ಬಿನಲ್ಲಿ ಕಾಟ್ಲಾ ಬಾಲ ಬಡಿಯುತ್ತಿತ್ತು.

"ನಮ್ಮ ಸಾಹೇಬ್ರು ತರಾಕ ಹೇಳಿದ್ರು," ಅಂದಳು ದೊಡ್ಡ ಸಾಹೇಬರಿಗೆ. "ಇದರ ಹೊಟ್ಯಾಗ ಲಕ್ಷಗಟ್ಟಲೆ ಮೊಟ್ಟಿ ಅದಾವ. ಈಗ ಮೀನು ಹಿಡಿಯೋದು ಯಾಕ ನಿಲ್ಸ್ಯಾರ ಅಂತ ನಿಮಗ ತೋರ್ಸಿ, ನಿಮ್ಮ ಕೈಲೇ ನೀರಿಗೆ ಬಿಡಿಸ್ಬೇಕಂತ."

ಕಲಕೇರಿ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ದೊಡ್ಡ ಸಾಹೇಬರು ಅವರ ಬೆನ್ನು ತಟ್ಟಿ, ಪ್ಯಾಂಟು ಮಡಚಿ ನೀರಿಗಿಳಿದರು. ಫೋಟೊ ಆಯಿತು. ಮೀನು ಹೋಯಿತು. ಅರೆದ ಮಸಾಲೆಯಲ್ಲಿ ಬದನೆಕಾಯಿ ಬೆಂದಿತು.

ಕಾರು ಹೋದ ಮೇಲೆ ಕಲಕೇರಿ ಸಾಹೇಬರು ಹಲ್ಲು ಕಡಿದರು. "ನಿನ್ನ ಲೈಸೆನ್ಸ್..."

"ಅದಕ್ಕೇನೂ ಆಗಂಗಿಲ್ಲ ಬಿಡ್ರೀ. ದೊಡ್ಡ ಸಾಹೇಬ್ರೇ ಹೇಳಿ ಹೋಗ್ಯಾರ, ಮುಂದಿನ ವರ್ಷನೂ ಬರ್ತೀನಿ, ಮೀನು ಹುಲಿಗೆವ್ವನೇ ತರಬೇಕು ಅಂತ."

ಹುಲಿಗೆವ್ವ ಹಗುರಾದ ಟಬ್ಬನ್ನು ತಲೆಗೇರಿಸಿಕೊಂಡು ನಾಲ್ಕು ಹೆಜ್ಜೆ ನಡೆದು, ತಿರುಗಿ ನೋಡಿದಳು.

"ಸಾಹೇಬ್ರ, ಬದನಿಕಾಯಿ ಚಲೋ ಆಗಿತ್ತೇನ್ರೀ?"