ಆಚೆಪಟ್ಟಣ ಎಷ್ಟು ಕೂಗು ದೂರ

ಒಂದಾನೊಂದು ಊರಿನಲ್ಲಿ, ಹುಗ್ಗಿಪುರ ಅಂತಲೇ ಇಟ್ಟುಕೊಳ್ಳಿ, ಒಬ್ಬ ರಾಜನಿದ್ದ. ಅವನಿಗೆ ದೂರದ ಹುಚ್ಚು. ಯಾವುದು ಎಷ್ಟು ಕೂಗಳತೆ ಅಂತ ಗೊತ್ತಾಗದೆ ಕೂತಲ್ಲಿಂದ ಏಳುತ್ತಿರಲಿಲ್ಲ. ಅಳೆಯಲಿಕ್ಕೆಂದೇ ಆಸ್ಥಾನದಲ್ಲಿ ಗಂಟಲಯ್ಯ ಎಂಬ ಕೂಗುಗಾರನಿದ್ದ. ಅವನ ಕೂಗು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಗೆ ಒಂದು ಕೂಗಳತೆ. ಸಿಂಹಾಸನದಿಂದ ಬಚ್ಚಲುಮನೆಗೆ ಎರಡು ಕೂಗಳತೆ ಅಂತ ತಿಳಿದ ದಿನದಿಂದ ರಾಜ ಸ್ನಾನ ಬಿಟ್ಟಿದ್ದ.

ಅದೇ ಊರಿನ ನಿಂಗಾಜಮ್ಮನ ಹತ್ತಿರ ಒಂದು ಮೊರವಿತ್ತು. ಕಾಳು ಹಾರಿಸಿ ಹಾರಿಸಿ ಕೊನೆಗೆ ಅದು ತಾನೇ ಹಾರುವುದು ಕಲಿತಿತ್ತು. ಆಚೆಪಟ್ಟಣದಲ್ಲಿ ಅವಳ ಮಗಳು ಚೆಲುವಾಜಿಗೆ ದಿನ ತುಂಬಿತ್ತು. ಮಗು ಹುಟ್ಟುವ ಮೊದಲು ತಾಯಿ ಅಲ್ಲಿರಬೇಕು.

"ನಡಿ, ಹೋಗೋಣ" ಎಂದಳು.

"ಎಷ್ಟು ಕೂಗಳತೆ?" ಎಂದಿತು ಮೊರ.

"ಏಳುನೂರ ಇಪ್ಪತ್ತು."

"ಒಂದೊಂದು ಕೂಗಳತೆಗೂ ನಾನು ಇಳಿದು ಒಂದು ನಿದ್ದೆ ತೆಗೀಬೇಕು. ನೀನು ಮುಟ್ಟೋ ಹೊತ್ತಿಗೆ ಮಗು ಎದ್ದು ಬಂದು ಬಾಗಿಲು ತೆಗೆಯುತ್ತೆ."

ನಿಂಗಾಜಮ್ಮ ನೆಟ್ಟಗೆ ಅರಮನೆಗೆ ನಡೆದಳು.

"ಬುದ್ಧಿ, ಆಚೆಪಟ್ಟಣ ದೂರ ಇಲ್ಲ. ನಿಮ್ಮ ಗಂಟಲಯ್ಯನ ಗಂಟಲು ಸಣ್ಣದು."

ಗಂಟಲಯ್ಯ ಮುಖ ಊದಿಸಿಕೊಂಡ. "ಹಂಗಾದ್ರೆ ನೀನೇ ಕೂಗು ತಾಯಿ, ನೋಡೋಣ."

"ಇವಳ ಕೂಗು ಅಲ್ಲಿಗೆ ಕೇಳಿದರೆ ಅದು ಒಂದೇ ಕೂಗಳತೆ" ಎಂದು ರಾಜ ಅಪ್ಪಣೆ ಕೊಟ್ಟ.

ನಿಂಗಾಜಮ್ಮ ಸೆರಗು ಸಿಕ್ಕಿಸಿ ಕೋಟೆ ಹತ್ತಿದಳು. ಮಗಳ ಹೆಸರು ಕೂಗಲಿಲ್ಲ. ಹೆಸರು ಕೂಗಿದರೆ ಪಕ್ಕದ ಕೋಣೆಯಿಂದಲೂ ಓಗೊಟ್ಟವಳಲ್ಲ ಅವಳು. "ಹಾಲು ಉಕ್ತಾ ಇದೆ" ಎಂದು ಕೂಗಿದಳು.

ರಾಜ ಅಡುಗೆಮನೆಗೆ ಓಡಿದ. ಮಂತ್ರಿ ಓಡಿದ. ದಾರಿಯ ಊರುಗಳೆಲ್ಲ ಓಡಿದವು. ಆಮೇಲೆ ಬಲು ದೂರದಿಂದ ಸಣ್ಣ ದನಿ ಬಂತು: "ಇಳಿಸ್ತೀನಿ ಕಣವ್ವ."

ಅಲ್ಲಿಗೆ ಆಚೆಪಟ್ಟಣ ಒಂದೇ ಕೂಗಳತೆಯಾಯಿತು. ಮೊರ ಹಾರಿತು.

ಅರ್ಧ ದಾರಿಯಲ್ಲಿ, ಇನ್ನೆಷ್ಟು ಹೊತ್ತು ಅಂತ ಕೇಳಲು ನಿಂಗಾಜಮ್ಮ ಬಾಯಿ ತೆರೆದಳು. ಬರೀ ಗಾಳಿ ಬಂತು. ಕೂಗಿದ ರಭಸಕ್ಕೆ ಗಂಟಲು ಕೂತಿತ್ತು.

"ಗಂಟಲು ಕೂತರೆ ನಾನೂ ಕೂರಬೇಕು" ಎಂದು ಮೊರ ಒಂದು ಹುಣಸೆಮರದ ಮೇಲೆ ಕೂತೇಬಿಟ್ಟಿತು. "ಈಗ ನಿನ್ನ ಕೂಗು ನಿನ್ನ ಮೂಗಿನ ತುದಿಗೇ ಮುಟ್ಟಲ್ಲ. ಆಚೆಪಟ್ಟಣ ಮೂರು ಕೋಟಿ ಕೂಗಳತೆ ಆಯ್ತು. ನಾನು ಮಲಗ್ತೀನಿ."

ನಿಂಗಾಜಮ್ಮ ಅದನ್ನು ಗುದ್ದಿದಳು. ಕುಕ್ಕಿದಳು. ಅದು ಗೊರಕೆ ಹೊಡೆಯಿತು.

ಆಗ ಆಚೆಪಟ್ಟಣದ ಕಡೆಯಿಂದ ಕೇಳಿಸಿತು. "ಅವ್ವಾ..."

ಮಗಳಿಗೆ ನೋವು ಶುರುವಾಗಿತ್ತು.

ನಿಂಗಾಜಮ್ಮ ಮೊರದ ಅಂಚು ಹಿಂಡಿ ಪಿಸುಗುಟ್ಟಿದಳು. "ಕೇಳ್ತಾ? ಅಲ್ಲಿಂದ ಇಲ್ಲಿಗೆ ಒಂದೇ ಕೂಗು. ಇಲ್ಲಿಂದ ಅಲ್ಲಿಗೆ ಬೇರೆ ಆಗುತ್ತೇನೋ?"

ಮೊರ ಯೋಚಿಸಿತು. ತಪ್ಪು ಹುಡುಕಿತು. ಸಿಗಲಿಲ್ಲ. ಹಾರಿತು.

ಮೊದಲು ಅಜ್ಜಿ ಹೊಸಿಲು ದಾಟಿದಳು, ಆಮೇಲೆ ಮೊಮ್ಮಗಳು ಹುಟ್ಟಿದಳು.

"ಒಲೆ ಮೇಲೆ ಹಾಲೇ ಇರಲಿಲ್ಲ ಕಣವ್ವ" ಎಂದಳು ಚೆಲುವಾಜಿ. "ಆದ್ರೂ ಇಳಿಸಿದೆ."

ಮೊಮ್ಮಗಳು ಬಾಯಿ ತೆರೆದು ಒಂದು ಕೂಗು ಹಾಕಿದಳು. ಅದು ಹುಗ್ಗಿಪುರದ ರಾಜನಿಗೂ ಕೇಳಿಸಿತು. ಹಾಗಾದರೆ ಬಚ್ಚಲು ಇಲ್ಲೇ ಇದೆಯಲ್ಲ ಅಂದುಕೊಂಡು ಅವನು ಟವೆಲ್ ಹೆಗಲಿಗೆ ಹಾಕಿಕೊಂಡ.

ಕತೆಯ ನೀತಿ ಇಷ್ಟೇ: ದೂರ ಹೊರಡುವ ದಿನ ಹುಳಿಮೊಸರು ತಿನ್ನಬೇಡಿ, ಗಂಟಲು ಕೂರುತ್ತದೆ. ಕತೆ ಮೊರ ಹತ್ತಿ ಅತ್ತ ಹೋಯಿತು, ಕಾಳು ಆರಿಸುತ್ತ ನಾವು ಇತ್ತ ಉಳಿದೆವು.